ಮಾವನ ಧೋತರದ ಮೇಲೆ ಜೀವವೃಕ್ಷ

ಕಬ್ಬಾಲಾ ಎಂಬ ಯಹೂದ್ಯರ ಗೂಢವಿದ್ಯೆಯನ್ನು ಓದಲು ಹಿಂದಿನ ಕಾಲದಲ್ಲಿ ಎರಡು ಅರ್ಹತೆಗಳನ್ನು ಕೇಳುತ್ತಿದ್ದರಂತೆ. ಒಂದು, ವಯಸ್ಸು ನಲವತ್ತು ದಾಟಿರಬೇಕು. ಎರಡು, ಮದುವೆಯಾಗಿರಬೇಕು. ನನಗೆ ನಲವತ್ತೆರಡು. ಮದುವೆಯಾಗಿ ಹದಿನಾಲ್ಕು ವರ್ಷ. ಎರಡರಲ್ಲೂ ನಾನು ಪ್ರಥಮ ದರ್ಜೆಯಲ್ಲಿ ತೇರ್ಗಡೆ!

ಈ ಸಂತೋಷದ ಸುದ್ದಿಯನ್ನು ಹೆಂಡತಿ ಗಿರಿಜಾಳಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಲವತ್ತಾದ ಮ್ಯಾಲ ಗಂಡಸರಿಗೆ ಬುದ್ಧಿ ಬಂದಿರತೈತಿ ಅಂತ ತಿಳಕೊಂಡಾರ. ಪಾಪ, ಅವರಿಗೇನ್ ಗೊತ್ತು."

ನಾನು ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಮಾಡಿದವನು. ಈಗ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಒದ್ದೆ ಕಾಗದದ ಮೇಲೆ ಬೀಜ ಹರಡಿ, ನೂರರಲ್ಲಿ ಎಷ್ಟು ಮೊಳೆತವು ಎಂದು ಎಣಿಸುತ್ತೇನೆ. ತತ್ವಶಾಸ್ತ್ರ ಓದಿ ಬೀಜ ಏಕೆ ಎಣಿಸುತ್ತೀರಿ ಎಂದು ಯಾರಾದರೂ ಕೇಳಿದರೆ, ನನ್ನ ಇತರ ಅರ್ಜಿಗಳು ಯಾವುವೂ ಮೊಳೆಯಲಿಲ್ಲ ಎನ್ನುತ್ತೇನೆ. ಹೀಗಾಗಿ ಒಳಗಿನ ತತ್ವಜ್ಞಾನಿ ಹಸಿದೇ ಇರುತ್ತಾನೆ. ಅವನಿಗೆ ಊಟ ಹಾಕಲೆಂದೇ ಹಾವೇರಿಯಲ್ಲಿ ನಮ್ಮದೊಂದು ಓದುಗರ ಬಳಗವಿದೆ. ತಿಂಗಳಿಗೊಂದು ಭಾನುವಾರ ಹತ್ತು ಹನ್ನೆರಡು ಜನ ಸೇರುತ್ತೇವೆ. ಒಬ್ಬರು ಮಾತನಾಡುತ್ತಾರೆ, ಉಳಿದವರು ಚುರುಮುರಿ ತಿನ್ನುತ್ತಾರೆ. ಹಿಂದಿನ ತಿಂಗಳು ಒಬ್ಬ ನಿವೃತ್ತ ಮಾಸ್ತರರು ಜೇನುಹುಳುವಿನ ಬಗ್ಗೆ ಮಾತನಾಡಿ ಎಲ್ಲರನ್ನೂ ಗೆದ್ದಿದ್ದರು. ಈ ಸಲ ನನ್ನ ಸರದಿ. ಜೇನುಹುಳುವನ್ನು ಸೋಲಿಸಲೇಬೇಕಿತ್ತು.

ಹಾವೇರಿ ಬಸ್ ನಿಲ್ದಾಣದ ಹತ್ತಿರ ಹಳೆಯ ಪುಸ್ತಕದ ಗಾಡಿಯಲ್ಲಿ ಆ ಗ್ರಂಥ ಸಿಕ್ಕಿತು. ದಪ್ಪ ಇಂಗ್ಲಿಷ್ ಪುಸ್ತಕ. ಹೊದಿಕೆ ಇಲ್ಲ, ಮೊದಲ ಹಲವು ಪುಟಗಳೂ ಇಲ್ಲ. ಬರೆದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಆದರೆ ನಡುವೆ ಮಡಿಚಿಟ್ಟ ಒಂದು ದೊಡ್ಡ ಚಿತ್ರವಿತ್ತು. ಹತ್ತು ವೃತ್ತಗಳು, ಅವನ್ನು ಕೂಡಿಸುವ ಇಪ್ಪತ್ತೆರಡು ದಾರಿಗಳು, ಪ್ರತಿ ದಾರಿಯ ಮೇಲೆ ಒಂದೊಂದು ಹೀಬ್ರೂ ಅಕ್ಷರ. ಅದರ ಹೆಸರು ಜೀವವೃಕ್ಷ. ಬೇರು ಮೇಲೆ, ಟೊಂಗೆ ಕೆಳಗೆ. ಚಿತ್ರ ನೋಡಿದ ಕೂಡಲೇ ನಾನು ಮರುಳಾದೆ. ಅನಾಹುತಕ್ಕೆ ಅಷ್ಟು ಸಾಕಾಯಿತು.

ಇದೇ ವಾರ ನನಗೆ ಇನ್ನೊಂದು ಜವಾಬ್ದಾರಿಯೂ ಬಂದಿತ್ತು. ನಮ್ಮ ಮಾವನವರು, ಅಂದರೆ ಗಿರಿಜಾಳ ತಂದೆ, ಬ್ಯಾಡಗಿಯಲ್ಲಿ ನಲವತ್ತು ವರ್ಷದಿಂದ ಮೆಣಸಿನಕಾಯಿ ವ್ಯಾಪಾರಸ್ಥರು. ಅವರ ಬಲಗಣ್ಣಿಗೆ ರಾಣೆಬೆನ್ನೂರಿನಲ್ಲಿ ಪೊರೆಯ ಆಪರೇಶನ್ ಆಗಿತ್ತು. ಪೊರೆ ಬಹಳ ಬಲಿತಿದ್ದರಿಂದ ಹೊಲಿಗೆ ಹಾಕಿದ್ದರು. ಎಡಗಣ್ಣಿಗೂ ಪೊರೆ ಬಂದು ಆಕಾರಗಳಷ್ಟೇ ಕಾಣುತ್ತಿದ್ದವು. ಅಂದರೆ ಅವರ ಇಡೀ ನೋಟ ಆ ಒಂದು ಹೊಲಿಗೆಯ ಮೇಲೆ ನಿಂತಿತ್ತು. ಡಾಕ್ಟರಮ್ಮ ನನ್ನನ್ನೇ ಎದುರಿಗೆ ನಿಲ್ಲಿಸಿ ಹೇಳಿದ್ದರು:

"ಒಂದು ವಾರ ಇವರು ಕೆಮ್ಮಬಾರದು, ಸೀನಬಾರದು, ಬಗ್ಗಬಾರದು. ಧೂಳು, ಹೊಗೆ ಹತ್ತಿರ ಬರಬಾರದು. ಹೊಲಿಗೆ ಬಿಟ್ಟರೆ ಕಣ್ಣು ಉಳಿಸೋದು ಕಷ್ಟ. ಬ್ಯಾಡಗಿಗೆ ಮಾತ್ರ ಕಳಿಸಬೇಡಿ."

ಬ್ಯಾಡಗಿಯಲ್ಲಿ ಬಸ್ಸಿನಿಂದ ಇಳಿದ ಕೂಡಲೇ ಹೊಸಬರು ಮೂರು ಸಲ ಸೀನುತ್ತಾರೆ. ಆದ್ದರಿಂದ ಮಾವ ನಮ್ಮ ಮನೆಯಲ್ಲೇ ಉಳಿದರು. ದಿನಕ್ಕೆ ಆರು ಸಲ ಹನಿ ಹಾಕುವ ಕೆಲಸ ನನ್ನದು. ಕಂಪನಿಗೆ ವಾರ ರಜೆ ಹಾಕಿದೆ. ಮಾವನ ಕಣ್ಣೂ ಉಳಿಯಿತು, ನನ್ನ ಉಪನ್ಯಾಸವೂ ತಯಾರಾಯಿತು ಎಂದು ಲೆಕ್ಕ ಹಾಕಿದೆ. ಎಷ್ಟು ಸುಲಭ!

ಮಾವ ಕಣ್ಣಿನ ಮೇಲೆ ತೂತುತೂತಿನ ಪ್ಲಾಸ್ಟಿಕ್ ಕವಚ ಅಂಟಿಸಿಕೊಂಡು ಒಳಕೋಣೆಯಲ್ಲಿ ಮಲಗಿರುತ್ತಿದ್ದರು. ನಾನು ಪಕ್ಕದ ಕುರ್ಚಿಯಲ್ಲಿ ಪುಸ್ತಕ ಹಿಡಿದು ಕೂಡುತ್ತಿದ್ದೆ. ಅವರಿಗೆ ಬೇಜಾರು, ನನಗೆ ಕೇಳುಗರ ಕೊರತೆ. ಶುಕ್ರವಾರ ಊಟವಾದ ಮೇಲೆ ಅವರೇ ಕೇಳಿದರು.

"ಅಳಿಯಂದ್ರ, ಏನ್ ಐತ್ರಿ ಅದರಾಗ? ದಿನಾ ಹಾಳಿ ತಿರುವೋ ಸಪ್ಪಳ ಕೇಳಾಕತ್ತೇನಿ."

"ಜಗತ್ತು ಹೆಂಗ ಹುಟ್ಟಿತು ಅನ್ನೋದ್ರಿ ಮಾವಾ. ಎಲ್ಲಕ್ಕಿಂತ ಮೊದಲ ಇದ್ದದ್ದು ಐನ್ ಸೋಫ್. ಅಂದ್ರ ಕೊನೆ ಇಲ್ಲದ್ದು. ಅದಕ್ಕ ರೂಪ ಇಲ್ಲ, ಹೆಸರಿಲ್ಲ, ಹಿಂಗ ಐತಿ ಅಂತ ಹೇಳಾಕ ಬರೂದಿಲ್ಲ."

"ಬಯಲು ಅನ್ರಿ."

"ಹೌದ್ರಿ, ಸುಮಾರು ಹಂಗ."

"ಅದಕ್ಕ ಇಷ್ಟು ದಪ್ಪ ಪುಸ್ತಕ ಯಾಕ ಬೇಕಾತು?"

ನಾನು ಸೋಲಲಿಲ್ಲ. ಈ ವಿದ್ಯೆ ನೂರಾರು ವರ್ಷಗಳ ಹಿಂದೆ ಫ್ರಾನ್ಸಿನ ದಕ್ಷಿಣ ಭಾಗದಲ್ಲಿ, ಸ್ಪೇನಿನಲ್ಲಿ ಯಹೂದಿ ಅನುಭಾವಿಗಳ ನಡುವೆ ಬೆಳೆಯಿತು ಎಂದೆ. ಅದರ ಬೇರಿಗೆ ಗ್ರೀಕ್ ದಾರ್ಶನಿಕರ ನೀರೂ ಹರಿದಿದೆ, 'ಒಂದು' ಎಂಬ ಮೂಲದಿಂದ ಬೆಳಕು ಉಕ್ಕಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದು ಜಗತ್ತಾಯಿತು ಎಂಬ ಅವರ ವಿಚಾರ ಇದರೊಳಗೆ ಸೇರಿಕೊಂಡಿದೆ ಎಂದೆ. ಆ ಮೆಟ್ಟಿಲುಗಳೇ ಹತ್ತು ಸೆಫಿರೋತ್‌ಗಳು: ಮೇಲೆ ಕಿರೀಟ, ಅದರ ಕೆಳಗೆ ಜ್ಞಾನ, ವಿವೇಕ, ಬಲಕ್ಕೆ ಕರುಣೆ, ಎಡಕ್ಕೆ ಕಾಠಿಣ್ಯ, ನಡುವೆ ಸೌಂದರ್ಯ, ಹೀಗೆ ಇಳಿಯುತ್ತಾ ಕೊನೆಗೆ ನಾವು ನಿಂತ ಈ ನೆಲ. ಮುಂದೆ ಇಟಲಿಯ ಕ್ರೈಸ್ತ ವಿದ್ವಾಂಸರು ಇದನ್ನು ಎರವಲು ಒಯ್ದರು. ಅವರ ಕೈಯಿಂದ ಲಂಡನ್ನಿನ ಟೊಪ್ಪಿಗೆಯ ಮಹನೀಯರ ಕೈಗೆ ಬಂತು. ಅವರು ಗುಪ್ತ ಸಂಘ ಕಟ್ಟಿ, ಇಪ್ಪತ್ತೆರಡು ಅಕ್ಷರಗಳಿಗೆ ಟ್ಯಾರೋ ಎಂಬ ಭವಿಷ್ಯದ ಇಸ್ಪೀಟಿನ ಇಪ್ಪತ್ತೆರಡು ಎಲೆಗಳನ್ನು ಜೋಡಿಸಿ, ದಪ್ಪ ದಪ್ಪ ಪುಸ್ತಕಗಳನ್ನು ಬರೆದರು. ನನ್ನ ಕೈಯಲ್ಲಿದ್ದದ್ದು ಅಂಥದ್ದೇ ಒಂದು.

"ಮೂಲದವರು ಇವರಿಗೆ ಏನಂತಾರ?" ಮಾವ ಕೇಳಿದರು.

"ಕರೀದ ಮದುವಿಗೆ ಬಂದು ಮೊದಲನೇ ಪಂಕ್ತಿಗೆ ಕುಂತ ಬೀಗರು ಅಂತಾರ್ರಿ."

ಮಾವ ನಕ್ಕರು. ನಾನು ಹೆದರಿದೆ. ನಗಬಹುದೋ ಬಾರದೋ ಎಂದು ಡಾಕ್ಟರಮ್ಮ ಹೇಳಿರಲಿಲ್ಲ! ವಿಷಯ ಗಂಭೀರಗೊಳಿಸಲು ಕಬ್ಬಾಲಾದ ಅತ್ಯಂತ ಸುಂದರ ಕಥೆಗೆ ಬಂದೆ.

"ಎಲ್ಲಾ ಕಡೆ ಆ ಬಯಲೇ ತುಂಬಿದ್ರ ಜಗತ್ತಿಗೆ ಜಾಗ ಎಲ್ಲಿ ಐತ್ರಿ? ಅದಕ್ಕ ದೇವರು ಒಂದಿಷ್ಟು ಹಿಂದ ಸರದ. ಆ ಖಾಲಿ ಜಾಗದಾಗ ಬೆಳಕು ಇಳೀತು. ಹಿಡಕೊಳ್ಳಾಕ ಪಾತ್ರೆ ಇದ್ದುವು. ಕೆಲವು ತಾಳಲಾರದ ಒಡದುವು. ಆ ಚೂರು ಆರಿಸಿ ಕೂಡಸೋದ ಮನುಷ್ಯಾರ ಕೆಲಸ."

"ಚೀಲ ತಾಳೋದಕ್ಕಿಂತ ಹೆಚ್ಚಿಗಿ ತುರುಕಿದ್ರ ಹೊಲಿಗಿ ಬಿಚ್ತದ. ಆಮ್ಯಾಲ ಹಮಾಲರು ಕಾಯಿ ಆರಿಸ್ಕೋತ ಕುಂದ್ರತಾರ," ಎಂದರು ಮಾವ. "ಖರೇ ಐತಿ. ಆದ್ರ ಆ ಹಿಂದ ಸರಿಯೋದು ಭಾಳ ದೊಡ್ಡ ಮಾತು ನೋಡ್ರಿ. ಯಾರಿಗೂ ಬರೂದಿಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ಗಿರಿಜಾ.

"ಎರಡು ಗಂಟೆದ ಡ್ರಾಪ್ಸ್ ಹಾಕಿದ್ರೇನು?"

ಗಡಿಯಾರ ನೋಡಿದೆ. ಮೂರೂವರೆ. ಲಂಡನ್ನಿನಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಂತುಬಿಟ್ಟಿದ್ದೆ!

ಗಡಬಡಿಸಿ ಹನಿ ಹಾಕಿದೆ. ಎರಡು ಹನಿ ಕಣ್ಣಿಗೆ, ನಾಲ್ಕು ಮೀಸೆಗೆ.

ಸಂಜೆಯ ಹೊತ್ತಿಗೆ ನನಗೆ ಇನ್ನೊಂದು ಯೋಚನೆ ಹೊಳೆಯಿತು. ಜೀವವೃಕ್ಷವನ್ನು ದೊಡ್ಡದಾಗಿ ಬರೆದು ಗೋಡೆಗೆ ತೂಗಿಹಾಕಿ ಮಾತನಾಡಬೇಕು. ಕಾಗದವಾದರೆ ಹಾವೇರಿ ಬಸ್ಸಿನಲ್ಲಿ ಮುದ್ದೆಯಾಗುತ್ತದೆ. ನಮ್ಮ ಕಾಲದ ಶಾಲೆಯ ನಕಾಶೆಗಳಂತೆ ಬಟ್ಟೆಯ ಮೇಲೆ ಬರೆದರೆ?

"ಹಳೇ ಬಿಳೀ ಬಟ್ಟಿ ಎಲ್ಲಿ ಐತಿ?" ಎಂದು ಕೂಗಿದೆ.

"ಕಪಾಟಿನ ಕೆಳಗಿನ ಖಣದಾಗ!" ಎಂದು ಅಡುಗೆಮನೆಯಿಂದ ಉತ್ತರ ಬಂತು.

ಕೆಳಗಿನ ಖಣಕ್ಕೆ ಬಗ್ಗಬೇಕು. ಮೇಲಿನ ಖಣದಲ್ಲೇ ಒಂದು ಬಿಳಿ ಬಟ್ಟೆ ಮಡಿಚಿಟ್ಟಿತ್ತು. ಬಗ್ಗಬಾರದೆಂದು ಡಾಕ್ಟರಮ್ಮ ಹೇಳಿದ್ದು ಮಾವನಿಗೆ, ಪಾಲಿಸಿದ್ದು ನಾನು!

ಮಾಳಿಗೆಯ ಮೇಲೆ ಬಟ್ಟೆ ಹಾಸಿ, ಊಟದ ತಾಟನ್ನು ಬೋರಲು ಇಟ್ಟು ಹತ್ತು ವೃತ್ತ ಎಳೆದೆ. ಬೀಜದ ಚೀಲದ ಮೇಲೆ ಬರೆಯುವ ಕಂಪನಿಯ ಕರಿ ಮಾರ್ಕರ್ ಇತ್ತಲ್ಲ, ಮಳೆಗೂ ಹೋಗದ್ದು, ಅದರಿಂದ ಇಪ್ಪತ್ತೆರಡು ಅಕ್ಷರಗಳನ್ನು ನಾಲಗೆ ಕಚ್ಚಿ ಹಿಡಿದು ಬರೆದೆ. ಕಾಠಿಣ್ಯದ ವೃತ್ತಕ್ಕೆ ಕೆಂಪು ಎಂದು ಪುಸ್ತಕ ಹೇಳಿತ್ತು. ಕೆಂಪು ಬಳಿದೆ. ಹಿಂದೆ ಸರಿದು ನೋಡಿದೆ. ಅದ್ಭುತ! ಜೇನುಹುಳುವಿನ ಕಥೆ ಮುಗಿಯಿತು ಅಂದುಕೊಂಡೆ.

ಬಟ್ಟೆಯನ್ನು ಪೂರ್ತಿ ಬಿಡಿಸಿದಾಗ ಇನ್ನೊಂದು ತುದಿಯಲ್ಲಿ ಜರಿಯ ಅಂಚು ಕಾಣಿಸಿತು.

ಹಳೆಯ ಬಟ್ಟೆಗೆ ಜರಿ ಅಂಚು ಏಕಿರುತ್ತದೆ? ಎಂ.ಎ. ಮಾಡಿದವನಿಗೆ ಈ ಪ್ರಶ್ನೆಯ ಉತ್ತರ ಹೊಳೆಯಲು ಪೂರಾ ಒಂದು ನಿಮಿಷ ಹಿಡಿಯಿತು. ಅದು ಮಾವನ ಹೊಸ ಧೋತರ. ಕಣ್ಣು ಬಂದ ಮೇಲೆ ಗಳಗನಾಥಕ್ಕೆ ಹೋಗಿ ದೇವರನ್ನು ಕಣ್ತುಂಬ ನೋಡುತ್ತೇನೆ ಎಂದು ಅವರು ಹರಕೆ ಹೊತ್ತಿದ್ದರು. ಆ ದಿನ ಉಡಲೆಂದು ತಂದ ಧೋತರ.

ಆಗಲೇ ಕೆಳಗಿಳಿದು ತಪ್ಪೊಪ್ಪಿಕೊಂಡಿದ್ದರೆ ನಾನು ಈ ಬರಹ ಬರೆಯಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಮಾವನೆದುರು ನಾನು ವಿದ್ವಾಂಸನಾಗಿ ಮೆರೆದು ಮೂರು ಗಂಟೆಯೂ ಆಗಿರಲಿಲ್ಲ. ಧೋತರವನ್ನು ಮುದ್ದೆ ಮಾಡಿ ಅಡುಗೆಮನೆಯ ಜೋಳದ ಡಬ್ಬಿಯ ಹಿಂದೆ ತುರುಕಿದೆ. ನಾಳೆ ಅಂಥದ್ದೇ ಇನ್ನೊಂದು ಕೊಂಡು ತಂದು ಇಟ್ಟರಾಯಿತು. ಯಾರಿಗೆ ಗೊತ್ತಾಗುತ್ತದೆ?

ಶನಿವಾರ ಬೆಳಿಗ್ಗೆ ಮಾವ ಎದ್ದವರೇ, "ಕಣ್ಣಾಗ ಹಳ್ಳು ಚುಚ್ಚಿದಂಗ ಆಗಾಕತ್ತೈತಿ," ಎಂದರು. ಕವಚ ತೆಗೆದು ನೋಡಿದೆ. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ನಿನ್ನೆಯ ಎರಡು ಗಂಟೆಯ ಹನಿ! ಆಸ್ಪತ್ರೆಗೆ ಫೋನ್ ಮಾಡಿದೆ. ಡಾಕ್ಟರಮ್ಮ ಬೇರೆ ಊರಿಗೆ ಹೋಗಿದ್ದಾರೆ, ಹನ್ನೆರಡಕ್ಕೆ ಬರುತ್ತಾರೆ, ಹನಿ ತಪ್ಪಿಸದೆ ಹಾಕುತ್ತಿದ್ದೀರಿ ತಾನೇ ಎಂದು ಸಿಸ್ಟರ್ ಕೇಳಿದರು. "ಹೂಂ" ಎಂದೆ. ಆ "ಹೂಂ" ಎಷ್ಟು ಸಣ್ಣದಿತ್ತೆಂದರೆ ಸಿಸ್ಟರ್ "ಹಲೋ, ಹಲೋ" ಎಂದರು.

ಇದೇ ಮುಹೂರ್ತಕ್ಕೆ ಐರಣಿಯಿಂದ ಚಿಗವ್ವ ಬಂದರು. ಚಿಗವ್ವ ಎಂದರೆ ಗಿರಿಜಾಳ ತಾಯಿಯ ತಂಗಿ. ಯಾರಿಗೆ ಜಡ್ಡಾದರೂ ಮೊದಲ ಬಸ್ಸಿಗೆ ಹೊರಡುವವರು. ಭಾವನ ಕಣ್ಣು ನೋಡಿ, "ಅಯ್ಯ ಶಿವನ, ನೆದರಾಗೇತಿ!" ಎಂದರು. ನೆದರು ಎಂದರೆ ಕೆಟ್ಟ ದೃಷ್ಟಿ.

"ನೆದರು ಅಲ್ರಿ ಚಿಗವ್ವಾ, ಆಪರೇಶನ್ ಆದ ಕಣ್ಣು ಹಂಗ ಇರತೈತಿ," ಎಂದೆ, ನನ್ನನ್ನೇ ಸಮಾಧಾನ ಪಡಿಸಿಕೊಳ್ಳಲು.

"ನೀವು ಬೀಜ ಎಣಸ್ರಿ ಸುಮ್ಮಕ," ಎಂದು ಚಿಗವ್ವ ರೊಟ್ಟಿಗೆ ಹಿಟ್ಟು ತರಲು ಅಡುಗೆಮನೆಗೆ ಹೋದರು. ಜೋಳದ ಡಬ್ಬಿ ಸರಿಸಿದ ಸಪ್ಪಳ ಕೇಳಿತು. ಆಮೇಲೆ ಕೇಳಿದ ಕಿರುಚಾಟಕ್ಕೆ ಓಣಿಯ ಕಾಗೆಗಳೆಲ್ಲ ಹಾರಿದವು.

"ಗಿರಿಜಾ! ನಿಮ್ಮಪ್ಪಗ ಯಾರೋ ಮಾಟಾ ಮಾಡ್ಯಾರಲೇ!"

ಚಿಗವ್ವ ಧೋತರವನ್ನು ಎರಡು ಬೆರಳಲ್ಲಿ ಹಿಡಿದು ಒಳಕೋಣೆಗೆ ತಂದು ಮಾವನ ಮುಂದೆ ಹರಡಿದರು. ಬೇರೆಯವರ ಕಣ್ಣಿನಿಂದ ನನ್ನ ಕಲಾಕೃತಿಯನ್ನು ಮೊದಲ ಸಲ ನೋಡಿದೆ. ರೋಗಿ ಉಡುವ ಬಟ್ಟೆ. ಅದರ ಮೇಲೆ ಹತ್ತು ಚಕ್ರ. ಯಾರಿಗೂ ಓದಲು ಬಾರದ ಕರಿ ಅಕ್ಷರ. ನಡುವೆ ರಕ್ತದಂಥ ಕೆಂಪು. ಕಾಳುಕಡಿಯ ಹಿಂದೆ ಅಡಗಿಸಿಟ್ಟದ್ದು. ನಾನೇ ಬರೆಯದಿದ್ದರೆ ನಾನೂ ಓಡಿಹೋಗುತ್ತಿದ್ದೆ!

ಗಿರಿಜಾ ನನ್ನ ಕಡೆ ನೋಡಿದಳು. ಪುಸ್ತಕದ ಚಿತ್ರ ಅವಳು ಕಂಡಿರಲಿಲ್ಲ. ಆದರೆ ನನ್ನ ಮುಖ ಹದಿನಾಲ್ಕು ವರ್ಷದಿಂದ ಕಂಡಿದ್ದಳು. "ನಿಮಗೇನರ ಗೊತ್ತೈತೇನು?" ಎಂದಳು. ನಾನು ಬಾಯಿ ತೆರೆದೆ. ಮಾವ ಧೋತರವನ್ನು ಮೂಗಿನ ಹತ್ತಿರ ತಂದು, ಕೈಯಿಂದ ಸವರಿ, ನಾನಿದ್ದ ಕಡೆ ಮುಖ ಮಾಡಿ ಕಾದರು. ಎಲ್ಲರೂ ಕಾದರು.

"ನನಗೇನ್ ಗೊತ್ತು," ಎಂದೆ.

ದೇವರು ಜಗತ್ತಿಗಾಗಿ ಹಿಂದೆ ಸರಿದ. ನಾನು ಒಂದು ಧೋತರದ ವಿಷಯದಲ್ಲೂ ಸರಿಯಲಿಲ್ಲ.

ಚಿಗವ್ವ ಆಡಳಿತ ವಹಿಸಿಕೊಂಡರು. ಉಪ್ಪು, ಸಾಸಿವೆ, ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಬೇಕು. ನಾನು ಜೀವ ಗಟ್ಟಿ ಮಾಡಿ ಹೊಗೆ ಬೇಡವೇ ಬೇಡ ಎಂದು ಅಡ್ಡ ನಿಂತೆ. ಕೊನೆಗೆ ರಾಜಿಯಾಯಿತು: ನಿವಾಳಿಸುವುದು ಒಳಗೆ, ಸುಡುವುದು ಹಿತ್ತಲಲ್ಲಿ, ಮಾವನ ಕೋಣೆಯ ಕಿಟಕಿ ಮುಚ್ಚಿರಬೇಕು. ಗ್ಯಾಸಿನ ಮೇಲೆ ತೆಂಗಿನ ಕರಟ ಹೊತ್ತಿಸಿ ಕಬ್ಬಿಣದ ಬಾಣಲೆಗೆ ಹಾಕಿ ಹಿತ್ತಲಿಗೆ ಒಯ್ದೆವು. ಚಿಗವ್ವ ಏಳು ಮೆಣಸಿನಕಾಯಿಗಳನ್ನು ಭಾವನ ಸುತ್ತ ತಿರುಗಿಸಿ ತಂದು ಕೆಂಡಕ್ಕೆ ಎಸೆದರು.

ಹೊಗೆ ಬಂತು. ಯಾರೂ ಕೆಮ್ಮಲಿಲ್ಲ. ಮೂಗಿನ ತುದಿ ಚುರ್ ಎಂದಿತು, ಅಷ್ಟೇ.

ಚಿಗವ್ವನ ಮುಖ ಬಿಳಚಿತು. "ಘಾಟ ಇಲ್ಲ! ಸುಟ್ಟ ಮೆಣಸಿನಕಾಯಿಗೆ ಘಾಟ ಬರಲಿಲ್ಲ ಅಂದ್ರ ನೆದರು ಅದನ್ನ ನುಂಗೇತಿ. ಭಾಳ ದೊಡ್ಡದೈತಿ ಇದು."

ನನಗೆ ಕಾರಣ ಗೊತ್ತಿತ್ತು. ಅದು ಮಾವನ ಮಳಿಗೆಯಿಂದ ಬಂದ ಬ್ಯಾಡಗಿ ಕಾಯಿ. ಅದಕ್ಕೆ ಬಣ್ಣ ಹೆಚ್ಚು, ಖಾರ ಕಡಿಮೆ. ಊರಿಗೆಲ್ಲ ಗೊತ್ತಿರುವ ವಿಷಯ. ನಮ್ಮ ಮನೆಗೆ ಬೇರೆ ಕಾಯಿ ಬರುವಂತೆಯೇ ಇಲ್ಲ. ಅದನ್ನೇ ವೈಜ್ಞಾನಿಕವಾಗಿ ವಿವರಿಸಿದೆ.

ಒಳಗಿನಿಂದ ಮಾವನ ಧ್ವನಿ ಬಂತು: "ಯಾರ್ರಿ ಅದು, ನಮ್ಮ ಕಾಯಿಗೆ ಹೆಸರಿಡಾವ್ರು?"

ಗಂಟೆ ಹನ್ನೊಂದಾಗಿತ್ತು. ಇನ್ನೊಂದು ತಾಸಿನಲ್ಲಿ ಆಸ್ಪತ್ರೆಗೆ ಹೋಗಬೇಕು. ಚಿಗವ್ವ ಮಾತ್ರ ಐರಣಿಯಿಂದ ಮಾಟ ತೆಗೆಯುವ ಯಾರನ್ನೋ ಕರೆಸಬೇಕು, ಧೋತರ ಬರೆದವನ ಹೆಸರು ಹೊರಗೆ ಹಾಕಿಸಬೇಕು ಎಂದು ಫೋನ್ ಹುಡುಕುತ್ತಿದ್ದರು. ಹೆಸರು ಹೊರಗೆ! ಆಗ ನನ್ನ ತತ್ವಶಾಸ್ತ್ರೀಯ ಮೆದುಳು ಕೆಲಸ ಮಾಡಿತು. ಇವರಿಗೆ ಬೇಕಾದ್ದು ಘಾಟು. ಘಾಟು ಬಂದರೆ ನೆದರು ಹೋದಂತೆ. ನೆದರು ಹೋದರೆ ವಿಚಾರಣೆ ಮುಗಿದಂತೆ. ನನ್ನ ಕಂಪನಿಯ ಚೀಲದಲ್ಲಿ ಪರೀಕ್ಷೆಗೆಂದು ತಂದ ಹೊಸ ತಳಿಯ ಒಣ ಕಾಯಿಗಳ ಪೊಟ್ಟಣವಿತ್ತು. ಸಣ್ಣ ಕಾಯಿ, ಬೆರಳಿನ ಉಗುರಿನಷ್ಟು. ಕೈಗವಸು ಇಲ್ಲದೆ ಮುಟ್ಟಬಾರದು ಎಂದು ಪೊಟ್ಟಣದ ಮೇಲೆ ನಾನೇ ಬರೆದಿದ್ದೆ.

ಒಂದೇ ಒಂದು ಸಾಕು ಎಂದುಕೊಂಡೆ. ಪೊಟ್ಟಣ ತಂದು, ಒಂದು ಕಾಯಿಯನ್ನು ಬರಿಗೈಯಲ್ಲಿ ಮುರಿದು, "ಇದನ್ನ ಹಾಕ್ರಿ ಚಿಗವ್ವಾ, ಇದು ಭಾರೀ," ಎಂದೆ.

"ಒಂದರಲೇ ಏನಾಗ್ತೈತಿ?" ಎಂದು ಚಿಗವ್ವ ಪೊಟ್ಟಣ ಕಸಿದುಕೊಂಡು ಇಡಿಯಾಗಿ ಕೆಂಡಕ್ಕೆ ಸುರಿದರು.

ನಾನು ಮಾವನ ಕೋಣೆಗೆ ಓಡಿದೆ, ಕಿಟಕಿಯ ಅಗುಳಿ ಸರಿಯಾಗಿ ಬಿದ್ದಿದೆಯೇ ನೋಡಲು. ಬಿದ್ದಿತ್ತು. ಉಸಿರು ಬಿಟ್ಟೆ. ಹಿತ್ತಲಲ್ಲಿ ಚಿಗವ್ವ ಕೆಮ್ಮಿದ್ದು ಕೇಳಿತು. ಆಮೇಲೆ ಪಕ್ಕದ ಮನೆಯವರು. ಆಮೇಲೆ ಅದರ ಪಕ್ಕದವರು. ಯೋಜನೆ ಫಲಿಸಿತ್ತು!

ಆದರೆ ಗೆದ್ದವರು ಗೆಲುವನ್ನು ತೋರಿಸದೆ ಬಿಡುತ್ತಾರೆಯೇ? ಚಿಗವ್ವ ಬಾಣಲೆಯನ್ನು ಇಕ್ಕಳದಿಂದ ಎತ್ತಿ ಹಿಡಿದು, ಧೂಪ ಹಾಕುವಂತೆ ಕೋಣೆ ಕೋಣೆಗೂ ಹೊಗೆ ತೋರಿಸುತ್ತಾ ಒಳಗೆ ಬಂದುಬಿಟ್ಟರು. "ನೋಡ್ರಿ ಭಾವಾರ, ಎಂಥಾ ಘಾ..." ಎಂದರು. 'ಟು' ಬರಲಿಲ್ಲ. ಕೆಮ್ಮು ಬಂತು. ಬಾಣಲೆ ಕೋಣೆಯ ಹೊಸ್ತಿಲ ಮೇಲೆಯೇ ಬಿತ್ತು. ಕೆಂಡ, ಕಾಯಿ ಎಲ್ಲ ಬಾಗಿಲಿಗೆ ಅಡ್ಡ ಹರಡಿದವು. ಚಿಗವ್ವ ಆಚೆ ಓಡಿದರು. ಈಚೆ ನಾನು ಮತ್ತು ಮಾವ.

ಆ ಹೊಗೆಯನ್ನು ವರ್ಣಿಸುವುದು ನನ್ನಿಂದ ಆಗದು. ಅದು ಗಂಟಲಿಗೆ ಹೋಗುವ ಹೊಗೆಯಲ್ಲ; ಗಂಟಲನ್ನು ಹಿಡಿದು ನಿಲ್ಲಿಸಿ ವಿಚಾರಿಸುವ ಹೊಗೆ. ನಾನು ಕೆಮ್ಮಲು ಶುರು ಮಾಡಿದೆ. ನಾನು ಕೆಮ್ಮಿದರೆ ಏನಾಗುತ್ತದೆ? ಏನೂ ಇಲ್ಲ. ಮಾವ ಒಂದು ಸಲ ಕೆಮ್ಮಿದರೆ? ಒಂದೇ ಒಂದು ಸೀನು ಸೀನಿದರೆ? ಆ ಹೊಲಿಗೆ ನನ್ನ ಕಣ್ಣ ಮುಂದೆಯೇ ಬಿಚ್ಚಿದಂತೆ ಕಂಡಿತು. ಕವಚದಲ್ಲಿ ತೂತುಗಳು ಬೇರೆ! ಮೊದಲು ತೂತು ಮುಚ್ಚಬೇಕು ಎಂದು ಅಂಗೈ ಚಾಚಿ ಮಾವನ ಕಣ್ಣಿನ ಮೇಲೆ ಎರಗಿದೆ.

ನನ್ನ ಮಣಿಕಟ್ಟನ್ನು ಒಂದು ಕೈ ಇಕ್ಕಳದಂತೆ ಹಿಡಿಯಿತು.

"ಕೈ ದೂರ! ಆ ಕೈಲೆ ಕಾಯಿ ಮುರದೀರಿ. ವಾಸನಿ ಬರಾಕತ್ತೈತಿ."

ನನ್ನ ಬೆರಳುಗಳು ಅವರ ಕಣ್ಣಿನಿಂದ ನಾಲ್ಕು ಬೆರಳಿನ ಅಂತರದಲ್ಲಿದ್ದವು. ಇಂದಿಗೂ ಸ್ನಾನ ಮಾಡುವಾಗ, ಬೀಜ ಎಣಿಸುವಾಗ, ಸುಮ್ಮನೆ ಬಸ್ಸಿನಲ್ಲಿ ಕೂತಾಗ ಆ ನಾಲ್ಕು ಬೆರಳಿನ ಅಂತರ ಎದುರಿಗೆ ಬರುತ್ತದೆ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತೇನೆ.

ಮಾವ ಕೆಮ್ಮಲಿಲ್ಲ. ಉಸಿರು ಹಿಡಿದು, ಬಗ್ಗದೆ, ನೆಟ್ಟಗೆ ಕೂತು, ಸಾಕ್ಷಿಯೆಂದು ಚಿಗವ್ವ ಮಂಚದ ಮೇಲೆ ಬಿಟ್ಟಿದ್ದ ಧೋತರವನ್ನು ತಡಕಿ ಹಿಡಿದು, ಪಕ್ಕದ ಸ್ಟೂಲಿನ ಮೇಲಿದ್ದ ನೀರಿನ ಕೊಡಕ್ಕೆ ತಾವೇ ಅದ್ದಿದರು. ತಲೆಯಿಂದ ಎದೆಯವರೆಗೆ ಮುಸುಕು ಹಾಕಿಕೊಂಡು, ಬಾಗಿಲಿಗೆ ಬೆನ್ನು ತಿರುಗಿಸಿದರು. ನಲವತ್ತು ವರ್ಷ ಮೆಣಸಿನ ರಾಶಿಗಳ ನಡುವೆ ಕಳೆದವರ ಶಾಸ್ತ್ರ ಅದು. ಒದ್ದೆ ಬಟ್ಟೆಯೊಳಗಿನಿಂದ ಆಜ್ಞೆ ಬಂತು.

"ಕಿಡಕಿ ತಗೀರಿ!"

"ಮಾವಾ... ಆ ಧೋತರಾ... ನಾನ..." ನನಗೆ ಆ ಗಳಿಗೆಯಲ್ಲೇ ತಪ್ಪೊಪ್ಪಿಕೊಳ್ಳುವ ಹುಕಿ ಬಂದಿತ್ತು!

"ಮಾತಾಡಬ್ಯಾಡ್ರಿ! ಕಿಡಕಿ!"

ಬಿಗಿಯಾಗಿ ನಾನೇ ಹಾಕಿದ್ದ ಅಗುಳಿ ತೆಗೆಯಲು ಬರಲಿಲ್ಲ. ಭುಜದಿಂದ ಗುದ್ದಿದೆ. ಮೂರನೆಯ ಗುದ್ದಿಗೆ ತೆರೆಯಿತು. ಅತ್ತ ಗಿರಿಜಾ ಒದ್ದೆ ಗೋಣಿಚೀಲ ತಂದು ಕೆಂಡದ ಮೇಲೆ ಕವಿಚಿ, ಅದರ ಮೇಲೆ ನಿಂತುಬಿಟ್ಟಳು. ಇದೆಲ್ಲ ಅರ್ಧ ನಿಮಿಷ ಎನ್ನುತ್ತಾಳೆ ಅವಳು. ಆ ಅರ್ಧ ನಿಮಿಷದಲ್ಲಿ ನಾನು ಹತ್ತು ಸೆಫಿರೋತ್‌ಗಳನ್ನೂ ಇಳಿದು ನೆಲಕ್ಕೆ ಬಂದಿದ್ದೆ.

ಹೊಗೆ ಕರಗಿತು. ಮಾವ ಮುಸುಕಿನೊಳಗೆ ಅಲುಗಾಡದೆ ಕೂತಿದ್ದರು. ಕಿರೀಟದ ವೃತ್ತ ನೆತ್ತಿಯ ಮೇಲೆ, ಸೌಂದರ್ಯದ ವೃತ್ತ ಸರಿಯಾಗಿ ಮೂಗಿನ ಮೇಲೆ. "ಸೀನ ಬಂತೇನ್ರಿ ಮಾವಾ?" ಎಂದು ಕೇಳಿದೆ. "ಇಲ್ಲ," ಎಂದರು. ನೆಮ್ಮದಿಯಿಂದ ನನಗೆ ಅಳು ಬಂತು. ಕಣ್ಣೀರು ಒರೆಸಿಕೊಂಡೆ.

ಎರಡೂ ಕೈಯಿಂದ. ಎರಡೂ ಕಣ್ಣು.

ಅದರ ಮುಂದಿನದನ್ನು ನಾನು ನೋಡಿಲ್ಲ, ಕೇಳಿದ್ದೇನೆ. ನಾನು ಹಿತ್ತಲಿನ ತೊಟ್ಟಿಗೆ ತಲೆ ಹಾಕಿ ಕೂಗಿದ ಕೂಗು ಮಾಟದವರನ್ನೂ ಓಡಿಸುವಂತಿತ್ತಂತೆ. ಆಟೋ ಬಂತು. ಒದ್ದೆ ಧೋತರವನ್ನು ಹೆಗಲ ಮೇಲೆ ಹೊದ್ದೇ ಹೊಸ ಕಣ್ಣಿನ ರೋಗಿ ಹಳೆಯ ಅಳಿಯನ ಕೈ ಹಿಡಿದು ಮೆಟ್ಟಿಲಿಳಿಸಿದರು. ದಾರಿಯುದ್ದಕ್ಕೂ ನಮ್ಮ ಬಟ್ಟೆಯ ಘಾಟಿಗೆ ಆಟೋದವ ಸೀನುತ್ತಿದ್ದ. ಅವನು ಸೀನಿದಾಗೆಲ್ಲ ನಾನು "ಮಾವಾ!" ಎಂದು ಬೆಚ್ಚುತ್ತಿದ್ದೆ. "ನಾ ಅಲ್ರಿ, ಡ್ರೈವರ್," ಎಂದು ಮಾವ ಸಮಾಧಾನ ಹೇಳುತ್ತಿದ್ದರು.

ಕಣ್ಣು ತೆರೆಯಲಾಗದ ಆ ಕತ್ತಲಲ್ಲಿ ಧೈರ್ಯ ಬಂತು.

"ಮಾವಾ, ಆ ಧೋತರದ ಮ್ಯಾಲ ಬರದಾಂವ ನಾನ್ರಿ. ಡ್ರಾಪ್ಸ್ ತಪ್ಪಿಸಿದಾಂವನೂ ನಾನ."

"ಗೊತ್ತೈತಿ."

"ಹೆಂಗ್ರಿ?"

"ಮಾರ್ಕರ್ ವಾಸನಿ ಬರತಿತ್ತು. ಮಾಟಾ ಮಾಡಾವ್ರು ಬೀಜದ ಚೀಲದ ಮಾರ್ಕರ್ ವಾಪರಸ್ತಾರೇನ್ರಿ? ನೀವ ಹೇಳ್ತೀರಿ ಅಂತ ಕಾಯ್ಕೋತ ಕುಂತೆ." ಆಮೇಲೆ ಸೇರಿಸಿದರು, "ನೀವು ಮೆಣಸಿನಕಾಯಿ ತರಾಕ ಹ್ವಾದ್ರಿ."

ಗಿರಿಜಾ ನನ್ನ ಅಂಗಿಯ ಜೇಬಿನಿಂದ ಹನಿಯ ಬಾಟಲಿ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.

ಡಾಕ್ಟರಮ್ಮ ಬಂದಿದ್ದರು. ನಡೆದದ್ದನ್ನು ಗಿರಿಜಾ ಹೇಳಿದಳು. ಡಾಕ್ಟರಮ್ಮ ದೀಪದ ಯಂತ್ರ ಎಳೆದ ಸಪ್ಪಳ ಕೇಳಿತು. ನನ್ನ ಎರಡೂ ಕಣ್ಣಿನ ಮೇಲೆ ಒದ್ದೆ ಹತ್ತಿ. ಏನೂ ಕಾಣದೆ, ಮಾವನ ಕಣ್ಣಿನ ತೀರ್ಪಿಗಾಗಿ ಕಾದೆ.

"ಹೊಲಿಗೆ ಗಟ್ಟಿ ಇದೆ," ಎಂದರು ಡಾಕ್ಟರಮ್ಮ ಕೊನೆಗೆ. "ಸ್ವಲ್ಪ ಕೆಂಪಿದೆ, ಹನಿ ಸರಿಯಾಗಿ ಬಿದ್ದಿಲ್ಲ ಅಷ್ಟೇ. ಹೊಗೆ ಒಳಗೆ ಹೋಗಿಲ್ಲ. ಇದೇನು, ಈ ಬಟ್ಟೆ ಮೇಲೆ ನಕ್ಷೆ?"

ನಾನು ಗಂಟಲು ಸರಿಪಡಿಸಿಕೊಂಡೆ. ಮಾವ ನನಗಿಂತ ಮೊದಲೇ ಶುರು ಮಾಡಿದ್ದರು.

"ಅದು ಯಹೂದ್ಯರದ್ರಿ ಡಾಕ್ಟ್ರ. ಮೊದಲ ಬಯಲಿತ್ತು. ದೇವರು ಜಾಗಾ ಮಾಡಿಕೊಟ್ಟು ಹಿಂದ ಸರದ. ಬೆಳಕು ಹತ್ತು ಮೆಟ್ಟಲ ಇಳದು ಜಗತ್ತಾತು. ಪಾತ್ರಿ ಕೆಲವು ಒಡದುವು, ನಾವು ಆರಸಾಕತ್ತೀವಿ. ಆಮ್ಯಾಲ ಟೊಪ್ಪಿಗಿ ಮಂದಿ ಅದನ್ನ ಇಸ್ಪೀಟಿಗೆ ಜೋಡಿಸಿ ದಪ್ಪ ದಪ್ಪ ಪುಸ್ತಕ ಬರದ್ರು."

"ಎಷ್ಟು ಚೆನ್ನಾಗಿದೆ!" ಎಂದರು ಡಾಕ್ಟರಮ್ಮ.

ನನ್ನ ನಲವತ್ತು ನಿಮಿಷದ ಉಪನ್ಯಾಸ ಅರ್ಧ ನಿಮಿಷದಲ್ಲಿ ಮುಗಿದುಹೋಗಿತ್ತು. ಮರುದಿನ ಹಾವೇರಿಗೆ ನಾನು ಹೋಗುವಂತಿರಲಿಲ್ಲ. ಬಳಗದವರು ಜೇನುಹುಳುವಿನ ಎರಡನೆಯ ಭಾಗ ಕೇಳಿದರಂತೆ.

"ಈಗ ಕಣ್ಣು ತೆರೆದು ನೋಡಿ," ಎಂದರು ಡಾಕ್ಟರಮ್ಮ ಮಾವನಿಗೆ. "ಎದುರಿಗೆ ಯಾರು ಕಾಣುತ್ತಾರೆ?"

ಕವಚ ಬದಿಗಿಟ್ಟ ಸಪ್ಪಳ.

"ಕಾಣ್ತಾರ್ರಿ," ಎಂದರು ಮಾವ, ನಿಧಾನವಾಗಿ. "ಮೂಗು ಕುಂಬಳಕಾಯಿ ಆಗೇತಿ. ಕಣ್ಣ ಮ್ಯಾಲ ಹತ್ತಿ ಇಟ್ಕೊಂಡಾರ. ಅಂಗಿ ಉಲ್ಟಾ ಐತಿ. ನಮ್ಮ ಅಳಿಯಂದ್ರ." ಆಮೇಲೆ ಒಂದು ದೊಡ್ಡ ನಿಟ್ಟುಸಿರು. "ಡಾಕ್ಟ್ರ, ಇನ್ನೊಂದು ಕಣ್ಣಿನ ಆಪರೇಶನ್ ಸದ್ಯ ಬ್ಯಾಡ್ರಿ. ಇವರನ್ನ ಇಷ್ಟು ಸ್ಪಷ್ಟ ನೋಡಾಕ ಒಂದ ಕಣ್ಣು ಸಾಕು."

ಆಸ್ಪತ್ರೆ ನಕ್ಕಿತು. ನನಗೆ ಮಾತ್ರ ಆ ಕ್ಷಣ ಮಾವನ ಕಾಲಿಗೆ ಬೀಳಬೇಕೆನಿಸಿತು. ಧ್ವನಿ ಬಂದ ಕಡೆ ತಿರುಗಿ, ನೆಲಕ್ಕೆ ಹಣೆ ಹಚ್ಚಿ, ಭಕ್ತಿಯಿಂದ ನಮಸ್ಕರಿಸಿದೆ.

ನಾನು ನಮಸ್ಕರಿಸಿದ್ದು ತೂಕದ ಯಂತ್ರಕ್ಕಂತೆ.